ಸುತ್ತಿಗೆ ಗುಳಿ ನೋಡಿ ಚಾಕು ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕೈಯಿಂದ ಬಡಿದು ಮಾಡಿದ ಚಾಕುಗಳ ಬಗ್ಗೆ ಒಂದು ಲೇಖನ ಬಂದಿತ್ತು. ಒಳ್ಳೆಯ ಚಾಕುವಿಗೆ ಅದರಲ್ಲಿ ಮೂರು ಗುರುತು ಹೇಳಿದ್ದರು. ಅಲಗಿನ ಮೇಲೆ ಸುತ್ತಿಗೆಯ ಗುಳಿ ಕಾಣಬೇಕು, ನೀರಿನ ಅಲೆಯಂಥ ಗೆರೆ ಇರಬೇಕು, ಕೈಗೆ ಭಾರ ಅನ್ನಿಸಬೇಕು. ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಇದೇ ಮೂರು ಗುರುತು ನಂಬಿ ನಾನು 1,850 ರೂಪಾಯಿ ಕಳೆದುಕೊಂಡಿದ್ದೇನೆ.

ನಾನು ಬೆಟಗೇರಿಯಲ್ಲಿ 23 ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ದಿನಕ್ಕೆ ಏನಿಲ್ಲವೆಂದರೂ ಹತ್ತು ಕೆ.ಜಿ. ಉಳ್ಳಾಗಡ್ಡಿ ಹೆಚ್ಚಬೇಕು. ಅದಕ್ಕೂ ಮೊದಲು ನಾನು ಕಂಬಾರರ ಮನೆ ಮಗಳು. ಮುಂಡರಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಪ್ಪನ ಕುಲುಮೆ ಇತ್ತು. ಶಾಲೆಯಿಂದ ಬಂದ ಮೇಲೆ ತಿದಿ ಒತ್ತುವ ಕೆಲಸ ನನ್ನದು. ಅಣ್ಣತಮ್ಮಂದಿರು ಆಡಲು ಓಡುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದವಳೇ ಮೋಸ ಹೋದರೆ ಬೇರೆಯವರ ಪಾಡೇನು ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಹುಬ್ಬಳ್ಳಿಯಲ್ಲಿ ಕಳೆದ ವರ್ಷ ನಡೆದ ಒಂದು ಪ್ರದರ್ಶನದಲ್ಲಿ ಆ ಚಾಕು ಕೊಂಡೆ. ಮಖಮಲ್ ಬಟ್ಟೆಯ ಡಬ್ಬಿ. ಅಲಗಿನ ತುಂಬ ಗುಳಿ, ಅಂಚಿನ ಉದ್ದಕ್ಕೂ ಅಲೆ ಅಲೆ ಗೆರೆ. ಮಳಿಗೆಯ ಹುಡುಗ ‘ಮೇಡಂ, ಫುಲ್ ಹ್ಯಾಂಡ್‌ಮೇಡ್’ ಅಂದ. ಉಳ್ಳಾಗಡ್ಡಿ ಹೆಚ್ಚಿ ತೋರಿಸು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಡಬ್ಬಿ ಅಷ್ಟು ಚೆಂದ ಇತ್ತು.

ಮೂರು ವಾರಕ್ಕೆ ಬಣ್ಣ ಬಯಲಾಯಿತು. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ತಾಗಿದಲ್ಲೆಲ್ಲ ಅಲೆ ಅಳಿಸಿಹೋಗಿತ್ತು. ಉಳ್ಳಾಗಡ್ಡಿ ಹೆಚ್ಚಿದರೆ ಕೊಯ್ದ ಹಾಗಿರದೆ ಜಜ್ಜಿದ ಹಾಗಿರುತ್ತಿತ್ತು. ಅಡುಗೆಮನೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು. ಮೊಂಡು ಚಾಕು ಉಳ್ಳಾಗಡ್ಡಿಯನ್ನು ಹಿಸುಕುತ್ತದೆ, ಹಿಸುಕಿದಷ್ಟೂ ರಸ ಸಿಡಿಯುತ್ತದೆ. ಚಾಕು ಹೇಗಿದೆ ಅಂತ ನಮ್ಮ ಕೆಲಸದ ಹೆಂಗಸರ ಕಣ್ಣು ನೋಡಿದರೇ ನನಗೆ ಗೊತ್ತಾಗುತ್ತದೆ.

ಊರಿಗೆ ಹೋದಾಗ ಅದನ್ನು ತಮ್ಮನ ಮುಂದಿಟ್ಟೆ. ಅಪ್ಪನ ಕುಲುಮೆಯನ್ನು ಈಗ ಅವನೇ ನಡೆಸುತ್ತಾನೆ.

‘ಅಕ್ಕಾ, ಇದಕ್ಕ ಎಷ್ಟ್ ಕೊಟ್ಟಿ?’

ಸುಳ್ಳು ಹೇಳಿದೆ. ‘ಎಂಟನೂರು’ ಅಂದೆ.

‘ಎಂಟನೂರಕ್ಕೂ ತುಟ್ಟಿ ಆತು ಬಿಡು’ ಅಂದ.

ಅಲಗನ್ನು ಬಾಗಿಲ ಬೆಳಕಿಗೆ ಹಿಡಿದು ಗುಳಿ ತೋರಿಸಿದ. ಎಲ್ಲವೂ ಒಂದೇ ಆಳ, ಒಂದೇ ಅಂತರ. ನನ್ನ ಮಗ ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಒಂದು ಲೇತ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಪ್ರದರ್ಶನದಲ್ಲಿ ಅವನು ತೆಗೆದ ಫೋಟೋ ಮೊಬೈಲಿನಲ್ಲಿತ್ತು. ದೊಡ್ಡದು ಮಾಡಿ ನೋಡಿದೆವು. ಸಾಲಾಗಿ ಏಳು ಚಾಕು. ಏಳರಲ್ಲೂ ಗುಳಿಗಳು ಅದೇ ಅದೇ ಜಾಗದಲ್ಲಿ! ಯಾವ ಕಂಬಾರ ತಾನೇ ಏಳು ಸಲ ಗುಳಿಗೆ ಗುಳಿ ಕೂಡಿಸಿ ಸುತ್ತಿಗೆ ಹಾಕುತ್ತಾನೆ? ಅದು ಅಚ್ಚು ಒತ್ತಿದ ಕೆಲಸ.

ನಿಜವಾಗಿ ಬಡಿದ ಚಾಕುವಿನಲ್ಲೂ ಗುರುತು ಉಳಿಯುವುದುಂಟು. ಆದರೆ ಅದು ಬೆನ್ನಿನ ಕಡೆ ಒಂದಿಷ್ಟು, ಹಿಡಿಯ ಹತ್ತಿರ ಒಂದಿಷ್ಟು ಇರುತ್ತದೆ. ಒಂದು ಆಳ, ಒಂದು ತೇಲು. ಅಂಚಿನ ಹತ್ತಿರ ಇರುವುದೇ ಇಲ್ಲ, ಸಾಣೆ ಹಿಡಿದಾಗ ಹೋಗಿಬಿಡುತ್ತದೆ. ಇನ್ನು ನಮ್ಮ ಅಪ್ಪನಂಥವರಿಗೆ ಗುಳಿ ಉಳಿದರೆ ನಾಚಿಕೆ. ಕೊನೆಕೊನೆಗೆ ಹಗುರ ಪೆಟ್ಟು ಹಾಕಿ ಮೈಯೆಲ್ಲ ಸಪಾಟು ಮಾಡುತ್ತಿದ್ದರು. ಗುಳಿ ಬಿದ್ದ ಅಲಗು ಕಂಡರೆ ‘ಸಿಡುಬು ಆಗೈತೇನು ಇದಕ್ಕ?’ ಅನ್ನುತ್ತಿದ್ದರು. ಆ ಸಿಡುಬಿಗೆ ಈಗ ದುಡ್ಡು ಜಾಸ್ತಿ.

ಅಲೆಯ ಗೆರೆಯ ವಿಷಯ ಬೇರೆ. ಅದಕ್ಕೆ ದೊಡ್ಡ ಚರಿತ್ರೆ ಇದೆ. ನಮ್ಮಲ್ಲಿ ಊಟಕ್ಕೆ ಬರುವ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು ಹೇಳಿದ್ದು: ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯೊಳಗೆ ಕರಗಿಸಿ ಮಾಡುತ್ತಿದ್ದ ಉಕ್ಕನ್ನು ಇಂಗ್ಲಿಷರು ವೂಟ್ಜ್ ಎಂದು ಕರೆದರು, ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದು ಎಂದು ಬಲ್ಲವರು ಹೇಳುತ್ತಾರೆ. 1795ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಆ ಉಕ್ಕಿನ ಬಗ್ಗೆ ಪ್ರಬಂಧ ಓದಿದ್ದರಂತೆ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ ಕೂಡ ಅದನ್ನು ಪರೀಕ್ಷೆ ಮಾಡಿದ್ದ. ಆ ಫ್ಯಾರಡೆ ಕಮ್ಮಾರನ ಮಗ ಅಂತ ಕೇಳಿ ನನಗೆ ಆದ ಖುಷಿಗೆ ಮಾಸ್ತರರಿಗೆ ಅವತ್ತು ಒಂದು ಹೋಳಿಗೆ ಜಾಸ್ತಿ ಬಡಿಸಿದೆ.

ಆ ಹಳೆಯ ಉಕ್ಕಿನಲ್ಲಿ ಗೆರೆ ಒಳಗಿನಿಂದಲೇ ಹುಟ್ಟುತ್ತಿತ್ತು. ಈಗ ಅಲೆ ಗೆರೆಯ ಚಾಕುವನ್ನು ಡಮಾಸ್ಕಸ್ ಅಂತ ಮಾರುವುದು ಹೆಚ್ಚಾಗಿ ಬೇರೆ ಕೆಲಸ. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಬಡಿದು, ಆಮೇಲೆ ಆಮ್ಲದಲ್ಲಿ ಅದ್ದುತ್ತಾರೆ. ಒಂದು ಉಕ್ಕು ಕಪ್ಪಾಗುತ್ತದೆ, ಇನ್ನೊಂದು ಬೆಳ್ಳಗೆ ಉಳಿಯುತ್ತದೆ. ಅದೂ ಕಷ್ಟದ ಕೆಲಸವೇ, ನಾನು ತೆಗಳುವುದಿಲ್ಲ. ನನಗೆ ಸಿಕ್ಕಿದ್ದು ಅದೂ ಅಲ್ಲ. ಬರೀ ಮೇಲೆ ಮೂಡಿಸಿದ ಚಿತ್ರ. ಗೆರೆ ಬೆನ್ನಿನ ದಪ್ಪದ ಮೇಲೂ ದಾಟಿ ಆಚೆ ಬದಿಗೆ ಹೋಗಿದೆಯೇ ನೋಡಿ. ಪದರ ಬೆಸೆದದ್ದಾದರೆ ಸಾಮಾನ್ಯವಾಗಿ ಅಲ್ಲೂ ಪದರ ಕಾಣುತ್ತದೆ. ಉಜ್ಜು ಕಾಗದದಿಂದ ತಿಕ್ಕಿದರೆ ನಿಜವಾದ ಗೆರೆಯೂ ಮಾಸುತ್ತದೆ, ಆದರೆ ಮತ್ತೆ ಆಮ್ಲ ತಾಗಿಸಿದರೆ ಎದ್ದು ಬರುತ್ತದೆ. ಸುಳ್ಳು ಗೆರೆ ಹೋದದ್ದು ಹೋದ ಹಾಗೆ. ಗೆರೆ ನಿಜವಾದರೂ ಅದರಿಂದ ಗಜ್ಜರಿ ಕೊಯ್ಯುವುದಿಲ್ಲ ಅನ್ನುವುದೂ ನೆನಪಿರಲಿ.

ಭಾರದ ಮಾತಂತೂ ಪೂರ್ತಿ ತಲೆಕೆಳಗು. ಅಪ್ಪ ಮಾಡಿಕೊಟ್ಟ ಚಾಕು ಹಿಡಿದರೆ ಕೈಯಲ್ಲಿ ಇದೆಯೋ ಇಲ್ಲವೋ ಅನ್ನಿಸುತ್ತದೆ. ಅದರ ಬೆನ್ನು ನೋಡಿ. ಹಿಡಿಯ ಹತ್ತಿರ ದಪ್ಪ, ತುದಿಗೆ ಹೋಗುತ್ತಾ ಹೋಗುತ್ತಾ ತೆಳು. ಬೆನ್ನಿನಿಂದ ಅಂಚಿಗೂ ಹಾಗೆಯೇ ಇಳಿಯುತ್ತದೆ. ಬಡಿಯುವುದರ ಲಾಭವೇ ಇದು. ಬೇಕಾದಲ್ಲಿ ಕಬ್ಬಿಣ ಬಿಟ್ಟು, ಬೇಡವಾದ ಕಡೆ ಸರಿಸಬಹುದು. ಒಂದೇ ದಪ್ಪದ ತಗಡು ಕತ್ತರಿಸಿ ಅಂಚು ಮಾತ್ರ ಚೂಪು ಮಾಡಿದರೆ ಆ ಇಳಿಜಾರು ಬರುವುದಿಲ್ಲ.

ಗಜ್ಜರಿಯನ್ನು ಉದ್ದಕ್ಕೆ ಸೀಳಿ ನೋಡಿ. ಚಾಕು ಅರ್ಧ ಇಳಿಯುವ ಮೊದಲೇ ‘ಟಕ್’ ಅಂತ ಗಜ್ಜರಿ ಒಡೆದು ಹಾರಿತೋ, ಅಂಚಿನ ಹಿಂದೆ ಮೈ ದಪ್ಪ ಇದೆ ಅಂತ ಅರ್ಥ. ಅದು ಕೊಡಲಿಯ ಕೆಲಸ, ಚಾಕುವಿನದಲ್ಲ. ಒಳ್ಳೆಯ ಚಾಕು ತಳದವರೆಗೂ ಸದ್ದಿಲ್ಲದೆ ಇಳಿಯುತ್ತದೆ. ಎಣ್ಣೆಗಾಯಿಗೆ ಬದನೆಕಾಯಿ ಸೀಳುವುದು ಇನ್ನೂ ಕಠಿಣ ಪರೀಕ್ಷೆ. ನಾಲ್ಕು ಹೋಳಾಗಬೇಕು, ತೊಟ್ಟಿನ ಹತ್ತಿರ ಬಿಡಬಾರದು. ತುದಿ ನಾವು ನಿಲ್ಲಿಸಿದಲ್ಲಿ ನಿಲ್ಲಬೇಕು. ಭಾರದ ಚಾಕು ನಿಲ್ಲುವುದಿಲ್ಲ, ತೊಟ್ಟು ಸೀಳಿ ಮುಂದೆ ಹೋಗುತ್ತದೆ.

ಇಷ್ಟೂ ಕಣ್ಣಿಗೆ ಕಾಣುವ ಮಾತಾಯಿತು. ಚಾಕುವಿನ ಜೀವ ಇರುವುದು ಕಾಣದ ಕಡೆ, ಹದದಲ್ಲಿ, ಅಂದರೆ ಕಾಯಿಸಿ ತಣಿಸಿ ಕಬ್ಬಿಣಕ್ಕೆ ಕೊಡುವ ಗಡಸಿನಲ್ಲಿ. ನಿಮ್ಮ ಲೇಖನದಲ್ಲಿ ಹದ ಎಂಬ ಶಬ್ದವೇ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಮೊದಲು ಕಬ್ಬಿಣ ಯಾವುದು ಅನ್ನುವುದು. ತಮ್ಮ ನನ್ನ ಚಾಕುವಿನ ಬಾಲದ (ಹಿಡಿಯೊಳಗೆ ಸೇರುವ ಭಾಗದ) ಕಡೆಯನ್ನು ಗ್ರೈಂಡರಿಗೆ ತಾಗಿಸಿದ. ಕಿಡಿ ನಾಲ್ಕು ಉದ್ದಕ್ಕೆ ಹೋಗಿ ಸುಮ್ನೆ ಆರಿದವು. ಪಕ್ಕದಲ್ಲಿದ್ದ ಹಳೆಯ ಕಾನಸು (ಕಬ್ಬಿಣ ಉಜ್ಜುವ ಅರ) ಎತ್ತಿ ಹಿಡಿದ. ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಕಿಡಿ ಒಡೆದು ಒಡೆದು ಹೂವಾಯಿತು. ಕಬ್ಬಿಣದಲ್ಲಿ ಕಾರ್ಬನ್ ಜಾಸ್ತಿ ಇದ್ದಷ್ಟೂ ಕಿಡಿ ಕವಲೊಡೆಯುತ್ತದೆ. ಕಿಟಕಿ ಸರಳಿನಂಥ ಮೆದು ಕಬ್ಬಿಣದಲ್ಲಿ ಅದು ನೂರಕ್ಕೆ 0.2ರ ಆಸುಪಾಸು. ಲಾರಿಯ ಕಮಾನ್ ಪ್ಲೇಟಿನಲ್ಲಿ ಸುಮಾರು 0.6. ಒಳ್ಳೆಯ ಕಾನಸಿನಲ್ಲಿ 1ರ ಹತ್ತಿರ ಅಥವಾ ಮೇಲೆ. ಕಾರ್ಬನ್ ಸಾಲದ ಕಬ್ಬಿಣವನ್ನು ಕಾಯಿಸಿ ಎಷ್ಟು ಸಲ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಹಳ್ಳಿಯ ಕಂಬಾರ ಗುಜರಿಯಿಂದ ಕಮಾನ್ ಪ್ಲೇಟು ಹುಡುಕುವುದು ಬರೀ ಅಗ್ಗ ಅಂತ ಅಲ್ಲ.

ಕುಲುಮೆಯನ್ನು ಯಾಕೆ ಕತ್ತಲಲ್ಲಿ ಇಡುತ್ತಾರೆ ಗೊತ್ತಾ? ಕಾದ ಕಬ್ಬಿಣದ ಬಣ್ಣ ಬಿಸಿಲಲ್ಲಿ ತಿಳಿಯುವುದಿಲ್ಲ. ಅಪ್ಪ ಮುತ್ತಲ ಹೂವಿನ ಬಣ್ಣ ಬರುವವರೆಗೆ ಕಾಯುತ್ತಿದ್ದರು. ತಮ್ಮ ಈಗ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ತಂತಿಗೆ ಕಟ್ಟಿ ತೂಗುಹಾಕಿದ್ದಾನೆ. ಸುಮಾರು 770 ಡಿಗ್ರಿ ದಾಟಿದ ಕಬ್ಬಿಣ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಅಂಟುವುದು ಬಿಟ್ಟ ಮೇಲೆ ಇನ್ನೊಂದು ಚೂರು ಕಾಯಿಸಿ ಅದ್ದುತ್ತಾನೆ. ವಿಪರೀತ ಕಾಯಿಸಿದರೆ ಒಳಗಿನ ಕಾಳು ದಪ್ಪವಾಗುತ್ತದೆ. ಅಂಥ ಅಲಗನ್ನು ಮುರಿದರೆ ಮುರಿದ ಜಾಗ ಉಪ್ಪಿಟ್ಟಿನ ರವೆಯ ಹಾಗೆ ಮಿಂಚುತ್ತದೆ. ಸರಿಯಾದದ್ದು ಜೋಳದ ಹಿಟ್ಟಿನ ಹಾಗೆ ಸಣ್ಣಗೆ, ಮಂಕಾಗಿ ಕಾಣುತ್ತದೆ.

ಅಪ್ಪ ಅಲಗನ್ನು ಇಡಿಯಾಗಿ ಅದ್ದುತ್ತಿರಲಿಲ್ಲ. ಅಂಚಿನ ಕಡೆಯಷ್ಟೇ ಅದ್ದಿ ಎತ್ತುತ್ತಿದ್ದರು. ಕಲ್ಲಿಗೆ ಉಜ್ಜಿ ಒಂದು ಪಟ್ಟಿ ಬೆಳ್ಳಗೆ ಮಾಡಿ ನೋಡುತ್ತಾ ಕೂರುತ್ತಿದ್ದರು. ಬೆನ್ನಿನಲ್ಲಿ ಉಳಿದ ಬಿಸಿ ನಿಧಾನಕ್ಕೆ ಅಂಚಿನತ್ತ ಇಳಿಯುತ್ತದೆ, ಜೊತೆಗೆ ಬಣ್ಣವೂ ಇಳಿಯುತ್ತದೆ. ಮೊದಲು ಒಣಗಿದ ಜೋಳದ ದಂಟಿನ ಹಳದಿ. ಅದು ಅಂಚಿಗೆ ಬಂದ ಕೂಡಲೇ ಪೂರ್ತಿ ಮುಳುಗಿಸಬೇಕು. ಬಿಟ್ಟರೆ ಕಂದು, ಆಮೇಲೆ ನವಿಲುಗರಿಯ ನೀಲಿ. ನೀಲಿ ಬಂದರೆ ಚಾಕು ಮೆತ್ತಗಾಯಿತು ಅಂತ ಲೆಕ್ಕ, ಮತ್ತೆ ಮೊದಲಿನಿಂದ ಕಾಯಿಸಬೇಕು. ಈ ಹಳದಿಗೂ ನೀಲಿಗೂ ನಡುವೆ ನಾನೊಂದು ಸಲ ತಿದಿ ಬಿಟ್ಟು ಮೂಗು ಒರೆಸಿಕೊಳ್ಳುವಷ್ಟೂ ಹೊತ್ತು ಇರುತ್ತಿರಲಿಲ್ಲ. ಅಷ್ಟರಲ್ಲಿ ಅಪ್ಪ ನಿರ್ಧಾರ ಮಾಡಬೇಕು. ಚಾಕುವಿಗೆ ನಾವು ಕೊಡುವ ದುಡ್ಡು ಬಹಳ ಮಟ್ಟಿಗೆ ಆ ಒಂದು ಗಳಿಗೆಗೆ. ಅದು ಡಬ್ಬಿಯಲ್ಲಿ ಕಾಣುವುದಿಲ್ಲ.

ಅಪ್ಪನೂ ತಪ್ಪುತ್ತಿದ್ದರು. ನಾನು ಏಳನೇ ಇಯತ್ತೆಯಲ್ಲಿದ್ದಾಗಿನ ಮಾತು. ಸಂಕ್ರಾಂತಿ ಮುಗಿದು ಬಿಳಿಜೋಳದ ಕೊಯ್ಲು ಹತ್ತಿರ ಬಂದಿತ್ತು. ಮೂವತ್ತು ಕುಡಗೋಲಿಗೆ ಹೇಳಿಹೋಗಿದ್ದರು. ಬೆಳಗಿನ ಜಾವದ ಚಳಿ. ಕಲ್ಲಬಾನಿಯ ನೀರು ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ದಿನಾ ಒಂದು ಕಾದ ಸಲಾಕೆ ಅದ್ದಿ ನೀರಿನ ಚಳಿ ಮುರಿಯುತ್ತಿದ್ದ ಅಪ್ಪ ಅವತ್ತು ಗಡಿಬಿಡಿಯಲ್ಲಿ ಮರೆತರು. ನಾಲ್ಕನೆಯದನ್ನು ಅದ್ದಿದಾಗ ‘ಟಿಂಕ್’ ಅಂತ ಸಣ್ಣ ಸದ್ದು. ತಿದಿಯ ಬಳಿ ಇದ್ದ ನನಗೂ ಕೇಳಿತು. ಅಪ್ಪ ನನ್ನ ಮುಖ ನೋಡಿದರು.

ಕೆಲಸ ನಿಂತಿತು. ಮೊದಲು ಮಾಡಿದ ಮೂರನ್ನೂ ದಾರಕ್ಕೆ ಕಟ್ಟಿ ತೂಗುಬಿಟ್ಟು ಮೊಳೆಯಿಂದ ತಟ್ಟಿದರು. ಎರಡು ‘ಟಣ್’ ಅಂತ ಹಾಡಿದವು. ಒಂದು ‘ಬೊದ್’ ಅಂತ ಸುಮ್ಮನಾಯಿತು. ಬಿರುಕು ಕಣ್ಣಿಗೆ ಕಾಣಲಿಲ್ಲ. ಚಿಮಣಿ ಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದರು. ಸ್ವಲ್ಪ ಹೊತ್ತಿಗೆ ಬಿರುಕಿನೊಳಗಿದ್ದ ಎಣ್ಣೆ ಸುಣ್ಣಕ್ಕೆ ಇಳಿದು ಕೂದಲಿನಂಥ ಗೆರೆ ಮೂಡಿತು. ಅದನ್ನೂ ನಾಲ್ಕನೆಯದನ್ನೂ ಅಡಿಗಲ್ಲಿನ ಮೇಲಿಟ್ಟು ಅಪ್ಪನೇ ಮುರಿದರು. ಅವ್ವ ಗೊಣಗಿದಾಗ ‘ರೊಕ್ಕ ಮತ್ತ ಬರತೈತಿ, ಯಾರದರ ಬೆರಳು ಹೋದ್ರ ಬರತೈತೇನು?’ ಅಂದರು. ರೇಲ್ವೆ ವರ್ಕ್‌ಶಾಪುಗಳಲ್ಲೂ ಹಿಂದೆ ಬಿರುಕು ಹುಡುಕಲು ಇದೇ ಎಣ್ಣೆ-ಸುಣ್ಣದ ಪರೀಕ್ಷೆ ಮಾಡುತ್ತಿದ್ದರು ಅಂತ ಮಗ ಹೇಳಿದ ಮೇಲೆ ನನಗೆ ಗೊತ್ತಾಯಿತು. ಆ ವರ್ಷದ ನಂತರ ಅಪ್ಪ ತೆಳು ಅಲಗನ್ನು ನೀರಿಗೆ ಅದ್ದುವುದನ್ನೇ ಬಿಟ್ಟರು. ಕರಿದು ಉಳಿದ ಶೇಂಗಾ ಎಣ್ಣೆಗೆ ಅದ್ದುತ್ತಿದ್ದರು. ಎಣ್ಣೆಯಲ್ಲಿ ಕಬ್ಬಿಣ ಅಷ್ಟು ರಭಸವಾಗಿ ತಣಿಯುವುದಿಲ್ಲ. ಕುಲುಮೆಯೆಲ್ಲ ಮಿರ್ಚಿ ಅಂಗಡಿಯ ಹಾಗೆ ನಾತ.

ಹದ ಸರಿ ಇದೆಯೋ ಇಲ್ಲವೋ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ನಾನು ಮಾಡುವುದು ಹೀಗೆ. ಹಿತ್ತಾಳೆ ಸೌಟಿನ ದುಂಡನೆಯ ಹಿಡಿಯ ಮೇಲೆ ಅಂಚನ್ನು ಸ್ವಲ್ಪ ಓರೆಯಾಗಿಟ್ಟು ಮೆಲ್ಲಗೆ ಒತ್ತಿ ಎಳೆಯುತ್ತೇನೆ. ಬೆಳಕಿಗೆ ಹಿಡಿದರೆ ಅಂಚು ಒತ್ತಿದಲ್ಲಿ ತುಸು ಬಾಗುವುದು ಕಾಣುತ್ತದೆ. ಬಿಟ್ಟ ಕೂಡಲೇ ಸೆಟೆದು ನಿಂತರೆ ಹದ ಸರಿ. ಬಾಗಿದ್ದು ಬಾಗಿದ ಹಾಗೇ ಉಳಿದರೆ ಮೆದು. ಚೂರು ಹಾರಿದರೆ ಗಡಸು ಜಾಸ್ತಿ. ನನ್ನ 1,850ರ ಚಾಕು ಬಾಗಿ ಮಲಗಿಬಿಟ್ಟಿತು. ಈ ಪರೀಕ್ಷೆಯನ್ನು ಅಂಗಡಿಯಲ್ಲಿ ಕೇಳದೆ ಮಾಡಬೇಡಿ, ಜಗಳವಾಗುತ್ತದೆ.

ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಅಂತ ಚಾಕು ಬಡಿಯುವವರ ಸಂಘವೊಂದು 1976ರಿಂದ ಇದೆಯಂತೆ, ಮಗ ಮೊಬೈಲಿನಲ್ಲಿ ತೋರಿಸಿದ. ಅಲ್ಲಿ ಕೈಪಳಗಿದ ಕಮ್ಮಾರ ಅನ್ನಿಸಿಕೊಳ್ಳಲು ತಾನೇ ಮಾಡಿದ ಚಾಕುವಿನಿಂದ ಜೋತುಬಿಟ್ಟ ಒಂದು ಇಂಚಿನ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಮರದ ಪಟ್ಟಿಯನ್ನು ಕಡಿದು ಕಡಿದು ಎರಡು ಸಲ ತುಂಡು ಮಾಡಬೇಕು. ಅಷ್ಟಾದ ಮೇಲೂ ಅದೇ ಅಂಚು ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ವೈಸಿಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಅಲ್ಲಿ ಗುಳಿ, ಗೆರೆ, ಡಬ್ಬಿ ಯಾವುದರ ಸುದ್ದಿಯೂ ಇಲ್ಲ. ಸಾಮಾನ್ಯವಾಗಿ ಅಂಚು ಗಡಸು, ಬೆನ್ನು ಮೆದು ಇದ್ದರೇ ಪಾಸಾಗುವ ಪರೀಕ್ಷೆ. ತಮ್ಮ ನೋಡಿ ‘ಅಪ್ಪಗ ಕರಕೊಂಡು ಹೋಗಬೇಕಿತ್ತು’ ಅಂದ.

ಊರ ಕಂಬಾರರು ಮಾಡಿದ್ದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಸಂತೆಯಲ್ಲಿ ಕಟ್ಟಡದ ಸರಳು ತಟ್ಟಿ ಚಾಕು ಅಂತ ಮಾರುವವರೂ ಇದ್ದಾರೆ. ನನ್ನ ತಮ್ಮನ ಅಲಗು ಚೆನ್ನ, ಹಿಡಿ ಚೆನ್ನಾಗಿಲ್ಲ. ಕರಿಜಾಲಿಯ ಕಟ್ಟಿಗೆಯೇ ಹಾಕುತ್ತಾನೆ, ಗಟ್ಟಿ ಇರುತ್ತದೆ. ಆದರೆ ಹಿಡಿಗೂ ಅಲಗಿಗೂ ನಡುವೆ ಸಂದು ಬಿಡುತ್ತಾನೆ. ಅಲ್ಲಿ ನೀರು ಹೋಗುತ್ತದೆ, ಒಳಗಿನ ಬಾಲ ತುಕ್ಕು ಹಿಡಿಯುತ್ತದೆ, ಒಂದು ದಿನ ಅಲಗು ಒಂದು ಕಡೆ ಹಿಡಿ ಒಂದು ಕಡೆ. ಅಪ್ಪ ಆ ಸಂದಿಗೆ ಅರಗು ಕರಗಿಸಿ ತುಂಬುತ್ತಿದ್ದರು. ಹೇಳಿದರೆ ತಮ್ಮನಿಗೆ ಮುನಿಸು. ಈ ಪತ್ರ ಅಚ್ಚಾದರೆ ಓದಲಿ.

ಹಿಂದೆ ಆಯದ ಪದ್ಧತಿ ಇತ್ತು. ಸುಗ್ಗಿಯಲ್ಲಿ ರೈತರು ಕಂಬಾರನಿಗೆ ಇಷ್ಟು ಜೋಳ ಅಂತ ಕೊಡುತ್ತಿದ್ದರು, ವರ್ಷವಿಡೀ ಅವನು ಅವರ ಕುಡ, ಕುಡಗೋಲು, ಕೊಡಲಿ ನೋಡಿಕೊಳ್ಳಬೇಕಿತ್ತು. ಮೆದು ಮಾಡಿಕೊಟ್ಟರೆ ವಾರಕ್ಕೊಮ್ಮೆ ಅದೇ ಕುಡಗೋಲು ಪುಕ್ಕಟೆ ತಟ್ಟುವ ಶಿಕ್ಷೆ ಅವನಿಗೇ. ಆ ಪದ್ಧತಿಯಲ್ಲಿ ಬೇರೆ ತೊಂದರೆ ಬೇಕಾದಷ್ಟಿದ್ದವು, ಅಪ್ಪನಿಗೆ ಜೋಳ ಸರಿಯಾಗಿ ಬಾರದ ವರ್ಷಗಳು ನನಗೆ ನೆನಪಿವೆ. ಆದರೆ ಕೆಟ್ಟ ಅಲಗು ಮಾಡಿದವನ ಮನೆಗೇ ವಾಪಸ್ ಬರುತ್ತಿತ್ತು. ಪ್ರದರ್ಶನದ ಮಳಿಗೆ ಹತ್ತು ದಿನಕ್ಕೆ ಎದ್ದು ಹೋಗುತ್ತದೆ. ನಾನು ಚಾಕು ಹಿಡಿದು ಹೋದಾಗ ಅಲ್ಲಿ ಖಾಲಿ ಬಯಲು, ಒಂದಷ್ಟು ಗೂಟದ ಕುಳಿ.

ಪ್ರದರ್ಶನ ನಡೆಸುವವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಕೇಳಿಕೆ. ಕೈಕೆಲಸದ ಚಾಕು ಅಂತ ಮಾರುವ ಮಳಿಗೆಯಲ್ಲಿ ಒಂದು ಮಣೆ, ನಾಲ್ಕು ಉಳ್ಳಾಗಡ್ಡಿ, ನಾಲ್ಕು ಗಜ್ಜರಿ ಇಡಿಸಿ. ಕೊಳ್ಳುವವರು ಹೆಚ್ಚಿ ನೋಡಲಿ. ಬಡಿದದ್ದೋ, ತಗಡು ಕತ್ತರಿಸಿದ್ದೋ ಬಿಲ್ಲಿನಲ್ಲಿ ಬರೆಯಲಿ. ಬಡಿದವನ ಊರು, ಫೋನ್ ನಂಬರು ಇರಲಿ. ಕೊಳ್ಳುವವರಿಗೂ ಒಂದು ಮಾತಿದೆ. ನನ್ನ ತಮ್ಮ ಕಮಾನ್ ಪ್ಲೇಟಿನ ಚಾಕುವಿಗೆ 350 ರೂಪಾಯಿ ಹೇಳಿದರೆ ಇನ್ನೂರಕ್ಕೆ ಕೊಡು ಅಂತ ಅರ್ಧ ಗಂಟೆ ಕೂರುವವರೇ ಮಖಮಲ್ ಡಬ್ಬಿಗೆ ಸುಮ್ನೆ ಎರಡು ಸಾವಿರ ಎಣಿಸುತ್ತಾರೆ. ನಾನೂ ಎಣಿಸಿದ್ದೆ, ಗೊತ್ತಲ್ಲ.

ಇನ್ನೊಂದು. ಕಮಾನ್ ಪ್ಲೇಟಿನಂಥ ಕಬ್ಬಿಣದ ಚಾಕು ಕೊಂಡರೆ ಮೊದಲ ವಾರ ಉಳ್ಳಾಗಡ್ಡಿ ಸ್ವಲ್ಪ ಕಪ್ಪಾಗುತ್ತದೆ, ಹೆದರಬೇಡಿ. ಅಲಗು ಬೂದು ಬಣ್ಣಕ್ಕೆ ತಿರುಗಿದ ಮೇಲೆ ನಿಲ್ಲುತ್ತದೆ. ಬೂದು ಬಣ್ಣ ಒಳ್ಳೆಯದು, ಕೆಂಪು ಬಂದರೆ ತುಕ್ಕು. ತೊಳೆದ ಕೂಡಲೇ ಒರೆಸಿ. ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಕುಸುಬಿ ಎಣ್ಣೆ ಬೇಡ, ಒಣಗಿ ಜಿಗುಟಾಗುತ್ತದೆ.

ಅಪ್ಪ ನನ್ನ ಮದುವೆಗೆ ಕೊಟ್ಟ ಚಾಕು ಮಸೆದು ಮಸೆದು ಬೆರಳಗಲ ಉಳಿದಿದೆ. ಎಣ್ಣೆಗಾಯಿಗೆ ಈಗಲೂ ಅದೇ. 1,850ರದ್ದು ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದೆ.

ಪುರವಣಿಯ ಲೇಖನ ಬರೆದವರು ಬೇಸರ ಮಾಡಿಕೊಳ್ಳಬಾರದು. ಗದಗ ಕಡೆ ಬಂದಾಗ ಒಂದು ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಬರಲಿ. ಬರುವಾಗ ತಮ್ಮ ಚಾಕು ತರಲಿ. ಗಜ್ಜರಿ ನಾನು ತಂದಿಟ್ಟಿರುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗರಲ್ಲಿ ಒಬ್ಬಳು
ಬೆಟಗೇರಿ, ಗದಗ